ಹಲ್ಲು ಮುರಿ ಅಂದವನೇ ಹುಡುಗ ಜೋಪಾನ ಅಂದ

ಬೈಬಲಿನ ದಾವೀದ ರಾಜನ ಮಗ ಅಬ್ಷಾಲೋಮ ಅಪ್ಪನ ಮೇಲೆ ಯುದ್ಧ ಶುರು ಮಾಡಿದ್ದು ಒಂದು ಹರಕೆಯ ನೆಪದಲ್ಲಿ. ಗೆಷೂರಿನಲ್ಲಿದ್ದಾಗ ಯೆಹೋವನಿಗೆ ಹರಕೆ ಹೊತ್ತಿದ್ದೆ, ಹೆಬ್ರೋನಿಗೆ ಹೋಗಿ ತೀರಿಸಿ ಬರುತ್ತೇನೆ ಅಂದ. ಮಗ ಹರಕೆ ತೀರಿಸಲು ಹೊರಟರೆ ಯಾವ ಅಪ್ಪ ತಡೆಯುತ್ತಾನೆ ಹೇಳಿ? ದಾವೀದ ಸಮಾಧಾನದಿಂದ ಹೋಗು ಎಂದು ಕಳಿಸಿದ. ಅಪ್ಪ ಮಗನ ಎದುರಿಗೆ ಆಡಿದ್ದರಲ್ಲಿ ನಮಗೆ ಸಿಗುವ ಕೊನೆಯ ಮಾತು ಅದೇ.

ಇದರಲ್ಲಿ ದಾವೀದನ ಪಾಲೂ ಇದೆ. ಅಬ್ಷಾಲೋಮನ ತಂಗಿ ತಾಮಾರಳ ಮೇಲೆ ಮಲ ಅಣ್ಣ ಅಮ್ನೋನ ಅತ್ಯಾಚಾರ ಮಾಡಿದಾಗ ಸಿಟ್ಟು ಮಾಡಿಕೊಂಡ, ಅಷ್ಟೇ. ಅಮ್ನೋನನನ್ನು ಏನೂ ಮಾಡಲಿಲ್ಲ. ಅಮ್ನೋನನನ್ನು ಕೊಲ್ಲಿಸಿ ತಂಗಿಯ ಸೇಡು ತೀರಿಸಿಕೊಂಡು ಗೆಷೂರಿಗೆ ಓಡಿಹೋದ ಅಬ್ಷಾಲೋಮ 3 ವರ್ಷದ ಮೇಲೆ ವಾಪಸ್ ಬಂದರೆ, ಇನ್ನೂ 2 ವರ್ಷ ಅವನಿಗೆ ಮುಖವನ್ನೇ ತೋರಿಸಲಿಲ್ಲ. ಇಬ್ಬರೂ ಇದ್ದದ್ದು ಯೆರೂಸಲೇಮಿನಲ್ಲೇ!

ದಂಗೆಯ ಸುದ್ದಿ ಬಂದಾಗ ರಾಜ ಬರಿಗಾಲಲ್ಲಿ, ತಲೆಗೆ ಮುಸುಕು ಹಾಕಿಕೊಂಡು, ಅಳುತ್ತಾ ಕಿದ್ರೋನ್ ಹಳ್ಳ ದಾಟಿ ಎಣ್ಣೆಮರಗಳ ಗುಡ್ಡ ಹತ್ತಿದ. ಶುಭ ಶುಕ್ರವಾರದ ಹಿಂದಿನ ರಾತ್ರಿ ಯೇಸು ದಾಟಿದ್ದೂ ಅದೇ ಹಳ್ಳ. ಅದಕ್ಕೇ ಲೆಂಟ್ ದಿನಗಳಲ್ಲಿ, ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ, ಈ ಅಧ್ಯಾಯಗಳನ್ನು ನಾನು ಜಾಸ್ತಿ ಓದುತ್ತೇನೆ.

ಅತ್ತವನು ಕೈಕಟ್ಟಿ ಕೂರಲಿಲ್ಲ ನೋಡಿ. ಮಂತ್ರಿ ಅಹೀತೋಫೆಲ ಮಗನ ಕಡೆ ಸೇರಿದ ಅಂತ ಗೊತ್ತಾದ ಕೂಡಲೇ ಅವನ ಆಲೋಚನೆ ಕೆಡಿಸು ಎಂದು ದೇವರನ್ನು ಕೇಳಿದ. ಗುಡ್ಡದ ಮೇಲೆ ಗೆಳೆಯ ಹೂಷೈ ಸಿಕ್ಕಾಗ, ಆ ಕೆಲಸಕ್ಕೆ ಅವನನ್ನೇ ಅರಮನೆಗೆ ವಾಪಸ್ ಕಳಿಸಿದ. ಓಡಿಹೋಗಿ ಸೇರಿದ ಮಹನಯಿಮ್ ಊರಿನಲ್ಲಿ ಮುದುಕ ಬರ್ಜಿಲ್ಲೈ ಮತ್ತಿತರರು ಹಾಸಿಗೆ, ಗೋಧಿ, ಬೇಳೆ, ಜೇನು ತಂದುಕೊಟ್ಟರು. ಸೈನ್ಯವನ್ನು ಮೂರು ಪಾಲು ಮಾಡಿ ಯೋವಾಬ, ಅಬೀಷೈ, ಇತ್ತೈ ಕೈಗೆ ಕೊಟ್ಟ. ತಾನೂ ಬರುತ್ತೇನೆ ಅಂದ, ಜನ ಬಿಡಲಿಲ್ಲ.

ನನ್ನನ್ನು ತಡೆದು ನಿಲ್ಲಿಸುವುದು ಇಲ್ಲಿಂದ ಮುಂದಿನದು. ಮಗನಿಗೆ ಹೆದರಿ ಓಡಿದಾಗ ಹಾಡಿದ್ದು ಎಂಬ ತಲೆಬರಹ ಬೈಬಲಿನ 3ನೇ ಕೀರ್ತನೆಗಿದೆ. ಅದರಲ್ಲಿ ವೈರಿಗಳ ಕೆನ್ನೆಗೆ ಹೊಡೆಯುವ, ಹಲ್ಲು ಮುರಿಯುವ ಮಾತಿದೆ. ತಲೆಬರಹ ಬಿಟ್ಟರೆ ಮಗನ ಹೆಸರು ಒಂದು ಕಡೆಯೂ ಇಲ್ಲ. ಆದರೆ ಊರಬಾಗಿಲಲ್ಲಿ ಸೈನ್ಯ ಹೊರಡುವಾಗ ಅದೇ ಮನುಷ್ಯ, ನನಗೋಸ್ಕರ ಆ ಹುಡುಗ ಅಬ್ಷಾಲೋಮನನ್ನು ಮೆಲ್ಲಗೆ ನೋಡಿಕೊಳ್ಳಿ ಅಂತ ಮೂವರು ಸೇನಾಪತಿಗಳಿಗೂ ಹೇಳಿದ, ಸೈನಿಕರೆಲ್ಲರ ಕಿವಿಗೆ ಬೀಳುವ ಹಾಗೆ. ವೈರಿಗಳು ಅಂತ ಒಟ್ಟಾಗಿ ಪ್ರಾರ್ಥಿಸುವುದು ಸುಲಭ, ಅಲ್ವಾ? ಹೆಸರು ಬಾಯಿಗೆ ಬಂದಾಗ ಅಪ್ಪ ಮೆತ್ತಗಾದ.

ಯೋವಾಬ ಆ ಮಾತು ಕೇಳಲಿಲ್ಲ. ಮರಕ್ಕೆ ತಲೆ ಸಿಕ್ಕಿ ನೇತಾಡುತ್ತಿದ್ದವನ ಎದೆಗೆ ಮೂರು ಈಟಿ ಚುಚ್ಚಿದ. ಆ ದಿನ ಸತ್ತವರು 20,000. ಅಷ್ಟಾದ ಮೇಲೂ ಓಡಿಬಂದ ದೂತರನ್ನು ದಾವೀದ ಕೇಳಿದ್ದು ಹುಡುಗ ಕ್ಷೇಮವಾ ಅಂತ ಮಾತ್ರ. ಮಗ ಸತ್ತ ಸುದ್ದಿಗೆ ರಾಜ ಅಳುತ್ತಾ ಕೂತದ್ದರಿಂದ, ಅವನಿಗಾಗಿ ಪ್ರಾಣ ಒತ್ತೆಯಿಟ್ಟ ಸೈನಿಕರು ಸೋತವರ ಹಾಗೆ ಕದ್ದು ಊರೊಳಗೆ ಬರಬೇಕಾಯಿತು. ಯೋವಾಬ ರಾಜನಿಗೆ ಬೈದದ್ದು ತಪ್ಪು ಅಂತ ನನಗೇನೂ ಅನ್ನಿಸಲ್ಲ.

ನಿಮ್ಮ ಮನೆಯಲ್ಲೂ ಅಣ್ಣತಮ್ಮಂದಿರ ನಡುವೆ ಜಮೀನಿನ ಕೇಸು ನಡೆಯುತ್ತಿದ್ದರೆ ಈ ಲೆಂಟಿನಲ್ಲಿ 3ನೇ ಕೀರ್ತನೆ ಪೂರ್ತಿ ಓದಿ. ಹಲ್ಲಿನ ವಚನ ಬಿಡಬೇಡಿ, ಸಿಟ್ಟು ಇದ್ದರೆ ಅದನ್ನೂ ದೇವರ ಮುಂದೆಯೇ ಇಡಿ. ಆಮೇಲೆ 2 ಸಮುವೇಲ 18:5 ಓದಿ, ಅಬ್ಷಾಲೋಮ ಅಂತ ಇರುವ ಕಡೆ ನಿಮ್ಮ ಎದುರು ನಿಂತ ಅಣ್ಣನದೋ ತಮ್ಮನದೋ ಹೆಸರು ಹಾಕಿಕೊಂಡು, ಜೋರಾಗಿ.