ಟ್ಯಾಂಕಿನೊಳಗೆ ಕೋಟಿಂಗ್ ಏಳುತ್ತಿದ್ದರೆ ಕಾರ್ಬೊರೇಟರ್ ತೊಳೆದು ಪ್ರಯೋಜನವಿಲ್ಲ

ಮೈಸೂರಿನಲ್ಲಿ ಹಳೆಯ ಬೈಕ್ ರಿಪೇರಿ ಅಂದರೆ ಯೆಜ್ಡಿ ಕೆಲಸವೇ ಜಾಸ್ತಿ. ಯೆಜ್ಡಿ ಮಾಡುತ್ತಿದ್ದ ಇಲ್ಲಿನ ಐಡಿಯಲ್ ಜಾವಾ ಕಾರ್ಖಾನೆ ನಿಂತಿದ್ದು 1996ರಲ್ಲಿ. ಅಲ್ಲಿಂದ ಕೊನೆಗೆ ಹೊರಬಂದ ಗಾಡಿಯ ಟ್ಯಾಂಕಿಗೂ ಸುಮಾರು ಮೂವತ್ತು ವರ್ಷ ಆಯಿತು. ನನ್ನ ಗ್ಯಾರೇಜಿಗೆ ಬರುವ ಟ್ಯಾಂಕ್‌ಗಳಲ್ಲಿ ಎಷ್ಟೋ ಹಿಂದೆಂದೋ ತುಕ್ಕು ಹಿಡಿದು ಸೋರಿರುತ್ತವೆ. ಆಗ ಯಾರೋ ಒಳಗೆ ಎಪಾಕ್ಸಿ ಅಂಟೋ ಪೇಂಟೋ ಸುರಿದು ಸೋರಿಕೆ ನಿಲ್ಲಿಸಿರುತ್ತಾರೆ. ಈಗ ಎದ್ದು ಬರುತ್ತಿರುವುದು ಆ ಪದರವೇ.

ಆದರೆ ಗಾಡಿ ತಂದವರು ಟ್ಯಾಂಕಿನ ಮಾತು ಎತ್ತುವುದಿಲ್ಲ. "ಅಣ್ಣಾ, ಸ್ಪೀಡ್ ಹೋದ್ರೆ ಎಳೆಯಲ್ಲ. ಸ್ವಲ್ಪ ಹೊತ್ತು ನಿಲ್ಲಿಸಿದ್ರೆ ಮತ್ತೆ ಸರಿ ಹೋಗುತ್ತೆ" ಅನ್ನುತ್ತಾರೆ. ಕಾರ್ಬೊರೇಟರ್ ಆಗಲೇ ಹಲವು ಸಲ ಕ್ಲೀನ್ ಆಗಿರುತ್ತದೆ. ಪ್ಲಗ್ಗೂ ಹೊಸದು.

ಟ್ಯಾಂಕಿನ ತಳದಲ್ಲಿರುವ ಪೆಟ್ರೋಲ್ ಕಾಕ್, ಅಂದರೆ ನಲ್ಲಿ, ಬಿಚ್ಚಿದರೆ ಕಾರಣ ಕಣ್ಣೆದುರಿಗೇ ಸಿಗುತ್ತದೆ. ಕಾಕ್ ಮೇಲಿನ ಜಾಲರಿಗೆ ಉಗುರಗಲದ ತುಣುಕುಗಳು ಈರುಳ್ಳಿ ಸಿಪ್ಪೆಯ ಹಾಗೆ ಮೆತ್ತಿಕೊಂಡಿರುತ್ತವೆ. ಒಂದು ಮೈ ನುಣುಪು. ತಿರುಗಿಸಿದರೆ ಇನ್ನೊಂದು ಮೈಗೆ ಕಂದು ತುಕ್ಕು. ಕೋಟಿಂಗ್ ಹಾಕಿದವರು ತುಕ್ಕಿನ ಮೇಲೇ ಸುರಿದಿದ್ದಾರೆ ಅಂತ ಅಲ್ಲೇ ಗೊತ್ತಾಗುತ್ತದೆ. ಇಂಜಿನ್ ಜೋರಾಗಿ ಪೆಟ್ರೋಲ್ ಎಳೆದಾಗ ಈ ತುಣುಕು ಜಾಲರಿಗೆ ಬಂದು ಕೂರುತ್ತದೆ, ಗಾಡಿ ನಿಲ್ಲಿಸಿದರೆ ಬಿಟ್ಟುಕೊಂಡು ಕೆಳಗೆ ಬೀಳುತ್ತದೆ. ಅದಕ್ಕೇ ಹತ್ತು ನಿಮಿಷ ಬಿಟ್ಟರೆ ಗಾಡಿ ಸರಿ ಹೋದಂತೆ ಕಾಣುವುದು. ಅನುಮಾನವಿದ್ದರೆ ಪೆಟ್ರೋಲನ್ನು ಬಿಳಿ ಬಟ್ಟೆಯಲ್ಲಿ ಸೋಸಿ, ಸಿಕ್ಕ ಚೂರಿಗೆ ಮ್ಯಾಗ್ನೆಟ್ ಹಿಡಿಯಿರಿ. ತುಕ್ಕಿನ ಹಕ್ಕಳೆ ಸಾಮಾನ್ಯವಾಗಿ ಅಂಟುತ್ತದೆ, ಬರೀ ಕೋಟಿಂಗ್ ಅಂಟುವುದಿಲ್ಲ.

ಇದನ್ನು ಸುಮ್ನೆ ಬಿಡಬೇಡಿ ಅಂತ ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹಳೆಯ ಯೆಜ್ಡಿ ಟೂ ಸ್ಟ್ರೋಕ್ ಗಾಡಿ, ಆಯಿಲ್ ಪೆಟ್ರೋಲ್ ಜೊತೆಗೇ ಬೆರೆತು ಹೋಗುತ್ತದೆ. ಪೆಟ್ರೋಲ್ ಕಡಿಮೆಯಾದರೆ ಆಯಿಲ್ ಕೂಡ ಕಡಿಮೆಯಾಯಿತು. ಅತ್ತ ಇಂಜಿನ್ ಬಿಸಿ ಏರುತ್ತದೆ, ಇತ್ತ ಪಿಸ್ಟನ್‌ಗೆ ಎಣ್ಣೆಯಿಲ್ಲ. ಹೈವೇಯಲ್ಲಿ ಹೋಗುತ್ತಿರುವಾಗ ಪಿಸ್ಟನ್ ಸೀಜ್ ಆಗಿ, ಅಂದರೆ ಸಿಲಿಂಡರ್‌ನಲ್ಲೇ ಬಿಗಿದುಕೊಂಡು, ಹಿಂದಿನ ಚಕ್ರ ಲಾಕ್ ಆದರೆ ಹೋಗುವುದು ಬೋರ್ ಖರ್ಚು ಮಾತ್ರ ಅಲ್ಲ, ಸವಾರನ ಜೀವಕ್ಕೇ ಅಪಾಯ.

ಈಗಿನ ಪೆಟ್ರೋಲ್ ಬೇರೆ ಇದಕ್ಕೆ ಸೇರಿಕೊಂಡಿದೆ. ಶೇ. 20ರಷ್ಟು ಎಥನಾಲ್ ಇರುವ ಇ20ಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಕೊಟ್ಟರು. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಎಥನಾಲ್ ತಡೆಯುವ ಹಾಗೆ ಮಾಡಿರದ ಹಳೆಯ ಕೋಟಿಂಗ್‌ಗಳನ್ನು ಅದು ಮೆತ್ತಗೆ ಮಾಡುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ನೀರು ಜಾಸ್ತಿಯಾದರೆ ಅದು ಎಥನಾಲ್ ಜೊತೆ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ತಳದಲ್ಲೇ ಅಲ್ವಾ ತುಕ್ಕು ಶುರುವಾಗುವುದು.

ಇನ್ನು ಕೆಲಸದ ವಿಷಯ. ಹಳೆಯ ಪದರದ ಮೇಲೆ ಹೊಸ ಕೋಟಿಂಗ್ ಹಾಕಿಕೊಡಿ ಅಂತ ಕೇಳುವವರು ಬಹಳ. ನಾನು ಒಪ್ಪುವುದಿಲ್ಲ. ಕೆಳಗಿನದು ಏಳುತ್ತಿರುವಾಗ ಮೇಲಿನದು ಎಲ್ಲಿ ನಿಲ್ಲುತ್ತದೆ? ಪೂರ್ತಿ ತೆಗೆಯಲೇಬೇಕು. ಟ್ಯಾಂಕ್ ಬಿಚ್ಚಿ, ಕಾಕ್ ತೆಗೆದು ಆ ತೂತು ಬಿಗಿಯಾಗಿ ಮುಚ್ಚುತ್ತೇನೆ. ಹೊರಗಿನ ಪೇಂಟ್ ಮೇಲೆ ಪಾಲಿಥೀನ್ ಸುತ್ತಿ ಬಾಯಿಯ ಸುತ್ತ ಟೇಪ್ ಹಾಕುತ್ತೇನೆ, ಯಾಕೆಂದರೆ ಪದರ ಬಿಡಿಸಲು ಹಾಕುವ ಅಸಿಟೋನ್ ಒಂದು ತೊಟ್ಟು ಬಿದ್ದರೂ ಒರಿಜಿನಲ್ ಪೇಂಟ್ ಹೋಯಿತು. ಅಸಿಟೋನ್ ಸುರಿದು, ನೆರಳಿನಲ್ಲಿ, ಬಯಲು ಗಾಳಿಯಲ್ಲಿ ಇಡಬೇಕು. ಆಗಾಗ ಮಗ್ಗುಲು ಬದಲಿಸಬೇಕು. ಎಪಾಕ್ಸಿ ಇದರಲ್ಲಿ ಕರಗುವುದಕ್ಕಿಂತ ಉಬ್ಬಿ ತಗಡು ಬಿಡುವುದೇ ಹೆಚ್ಚು. ಆಮೇಲೆ ಒಂದು ಹಿಡಿ ನಟ್ಟು ಹಾಕಿ ಕುಲುಕಿದರೆ ಹಾಳೆ ಹಾಳೆಯಾಗಿ ಹೊರಬರುತ್ತದೆ. ಹಾಕಿದ ನಟ್ಟು ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ಹತ್ತಿರ ಬೀಡಿ, ಗ್ರೈಂಡರ್ ಯಾವುದೂ ಬೇಡ. ಒಳಗೆ ನೋಡಲು ಬ್ಯಾಟರಿ ಟಾರ್ಚ್ ಸಾಕು, ವೈರ್ ಬಲ್ಬ್ ಇಳಿಸಬೇಡಿ. ಖಾಲಿ ಟ್ಯಾಂಕಿನ ಆವಿಗೆ ಒಂದು ಕಿಡಿ ತಾಗಿದರೂ ಸಿಡಿಯುತ್ತದೆ.

ಪದರ ಹೋದ ಮೇಲೆ ಸೋಪಿನ ನೀರಿನಲ್ಲಿ ಚೆನ್ನಾಗಿ ತೊಳೆದು ತುಕ್ಕಿಗೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್). ಬಿಸಿನೀರಿನಲ್ಲಿ ಕರಗಿಸಿ, ಟ್ಯಾಂಕ್ ಬಾಯಿವರೆಗೆ ತುಂಬಿ ರಾತ್ರಿಯಿಡೀ ಬಿಟ್ಟರೆ ತಗಡು ಬೂದು ಬಣ್ಣಕ್ಕೆ ಬರುತ್ತದೆ. ಚೆಲ್ಲಿ, ಅಡುಗೆ ಸೋಡಾ ನೀರಿನಲ್ಲಿ ತೊಳೆದು, ತಡಮಾಡದೆ ಗಾಳಿ ಹಾಯಿಸಿ ಒಣಗಿಸಬೇಕು. ಒದ್ದೆ ತಗಡನ್ನು ಹಾಗೇ ಬಿಟ್ಟರೆ ಕಣ್ಣೆದುರಿಗೇ ಕೆಂಪಾಗುತ್ತದೆ. ಒಣಗಿದ ಕೂಡಲೇ ಟೂಟಿ (ಟೂ ಸ್ಟ್ರೋಕ್ ಇಂಜಿನ್‌ನ) ಆಯಿಲ್ ಜಾಸ್ತಿ ಬೆರೆಸಿದ ಪೆಟ್ರೋಲ್ ಹಾಕಿ ಎಲ್ಲ ಕಡೆ ಆಡಿಸುತ್ತೇನೆ.

ತೂತಿಲ್ಲದ ಟ್ಯಾಂಕಿಗೆ ಮತ್ತೆ ಕೋಟಿಂಗ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ವಾರಕ್ಕೊಮ್ಮೆ ಓಡಿಸುವವರಿಗೆ ಬರಿ ತಗಡೇ ಒಳ್ಳೆಯದು. ನಿಲ್ಲಿಸಿಡುವವರು ಟ್ಯಾಂಕ್ ತುಂಬಿಸಿಡಲಿ. ತೂತಿದ್ದರೆ ಟ್ಯಾಂಕ್ ಕೆಲಸ ಗೊತ್ತಿರುವ ಟಿಂಕರಿಂಗ್‌ನವರ ಹತ್ತಿರ ಬ್ರೇಸಿಂಗ್ (ಹಿತ್ತಾಳೆ ಬೆಸುಗೆ) ಮಾಡಿಸಿ. ಕೋಟಿಂಗ್ ಹಾಕಲೇಬೇಕು ಅಂದರೆ ಎಥನಾಲ್ ತಡೆಯುತ್ತದೆ ಅಂತ ಡಬ್ಬಿಯ ಮೇಲೆ ಬರೆದಿರುವುದನ್ನೇ ತನ್ನಿ.

ಫಿಟ್ ಮಾಡಿದ ಮೇಲೂ ಎಲ್ಲೋ ಮೂಲೆಯಲ್ಲಿ ಉಳಿದ ಚೂರು ಬರಬಹುದು. ಮೊದಲ ಒಂದೆರಡು ಟ್ಯಾಂಕ್ ಪೆಟ್ರೋಲ್ ಮುಗಿಯುವವರೆಗೆ ಜಾಲರಿ ತೆಗೆದು ನೋಡುತ್ತಿರಿ.