ಮಧ್ಯರಾತ್ರಿ ರಿಂಗಾಗುವ ಇಂಟರ್ನೆಟ್ ಫೋನು: ಮೊದಲು ಕರೆ ಬಂದ ದಾರಿ ನೋಡಿ

ರಾತ್ರಿ ಎರಡು ಗಂಟೆಗೆ ಫೋನು ರಿಂಗಾಗುತ್ತದೆ. ಎತ್ತಿದರೆ ಆಚೆಯಿಂದ ಸದ್ದಿಲ್ಲ. ಪರದೆಯ ಮೇಲೆ ನೋಡಿದರೆ 100, 1000, 1001 ಇಂಥ ನಂಬರು. ಇದಕ್ಕೆ ಡಿಎನ್‌ಡಿ ಹಾಕಿಸಿ ಪ್ರಯೋಜನವಿಲ್ಲ, ಬ್ಲಾಕ್ ಮಾಡಿದರೂ ನಾಳೆ ಇನ್ನೊಂದು ನಂಬರಿಂದ ಬರುತ್ತದೆ. ಏಕೆಂದರೆ ಈ ಕರೆ ನಿಮ್ಮ ಫೋನ್ ಕಂಪನಿಯನ್ನು ಮುಟ್ಟಿಯೇ ಇಲ್ಲ. ಇಂಟರ್ನೆಟ್ಟಿನಲ್ಲಿ ಸಿಕ್ಕ ಸಿಕ್ಕ ಐಪಿ ವಿಳಾಸದ 5060ನೇ ಪೋರ್ಟನ್ನು (ಇಂಟರ್ನೆಟ್ ಕರೆಗಳು ಸಾಮಾನ್ಯವಾಗಿ ಒಳಬರುವ ಬಾಗಿಲು) ತಟ್ಟುತ್ತಾ ಹೋಗುವ ಪ್ರೋಗ್ರಾಮೊಂದು ನೇರವಾಗಿ ನಿಮ್ಮ ಅಡಾಪ್ಟರಿಗೆ, ಅಂದರೆ ಫೋನನ್ನು ಇಂಟರ್ನೆಟ್ಟಿಗೆ ಜೋಡಿಸುವ ಪುಟ್ಟ ಪೆಟ್ಟಿಗೆಗೆ, ಕರೆ ಕಳಿಸಿದೆ. ಅದು ಹುಡುಕುತ್ತಿರುವುದು ಬಿಟ್ಟಿಯಾಗಿ ವಿದೇಶಕ್ಕೆ ಕರೆ ಹಚ್ಚಲು ಬಿಡುವ ಎಕ್ಸ್‌ಚೇಂಜನ್ನು. ಅದರ ಕೈಗೆ ನಿಮ್ಮ ಮನೆಯ ಫೋನು ಸಿಕ್ಕಿದೆ, ಅಷ್ಟೆ.

ಪರಿಹಾರ ಇರುವುದು ಅಡಾಪ್ಟರಿನಲ್ಲೇ. ಗ್ರಾಂಡ್‌ಸ್ಟ್ರೀಮ್ ಎಚ್‌ಟಿ801 ಥರದ್ದಾದರೆ ಬ್ರೌಸರಿನಲ್ಲಿ ಅದರ ಸೆಟ್ಟಿಂಗ್ ತೆರೆದು, ಎಫ್‌ಎಕ್ಸ್‌ಎಸ್ ಪೋರ್ಟ್ ಪುಟಕ್ಕೆ ಹೋಗಿ ‘ಅಲೋ ಇನ್‌ಕಮಿಂಗ್ ಸಿಪ್ ಮೆಸೇಜಸ್ ಫ್ರಮ್ ಸಿಪ್ ಪ್ರಾಕ್ಸಿ ಓನ್ಲಿ’ (ನಿಮ್ಮ ಕಂಪನಿಯ ಸರ್ವರಿನಿಂದ ಬಂದ ಕರೆಗೆ ಮಾತ್ರ ಒಪ್ಪಿಗೆ) ಅನ್ನುವುದನ್ನು ಯೆಸ್ ಮಾಡಿ. 5060ರ ಬದಲು ಬೇರೆ ಪೋರ್ಟ್ ಬಳಸುವ ‘ಯೂಸ್ ರ‍್ಯಾಂಡಮ್ ಸಿಪ್ ಪೋರ್ಟ್’ ಕೂಡ ಆನ್ ಇರಲಿ. ಆಮೇಲೆ ಮೊಬೈಲಿನಿಂದ ನಿಮ್ಮದೇ ಲೈನಿಗೆ ನಾಲ್ಕೈದು ಸಲ ಕರೆ ಮಾಡಿ ನೋಡಲೇಬೇಕು. ಕೆಲವು ಕಂಪನಿಗಳು ನೋಂದಣಿಗೆ (ಅಡಾಪ್ಟರ್ ತನ್ನ ಗುರುತು ಹೇಳಿಕೊಳ್ಳಲು) ಒಂದು ಸರ್ವರ್, ಕರೆ ಕಳಿಸಲು ಇನ್ನೊಂದು ಸರ್ವರ್ ಇಟ್ಟಿರುತ್ತವೆ. ಹಾಗಿದ್ದರೆ ನಿಜವಾದ ಕರೆಯೂ ನಿಂತುಹೋಗುತ್ತದೆ. ಆಗ ಮೊದಲನೆಯದನ್ನು ಆಫ್ ಮಾಡಿ ‘ಚೆಕ್ ಸಿಪ್ ಯೂಸರ್ ಐಡಿ’ (ನಿಮ್ಮ ಖಾತೆಯ ಹೆಸರಿಗೆ ಬಂದ ಕರೆ ಮಾತ್ರ ಒಳಬಿಡುವುದು) ಆನ್ ಮಾಡಿ. ರೂಟರಿನಲ್ಲಿ ಯಾರೋ ಹಿಂದೆಂದೋ 5060 ಪೋರ್ಟನ್ನು ಫಾರ್ವರ್ಡ್ ಮಾಡಿಟ್ಟಿದ್ದರೆ (ಹೊರಗಿನಿಂದ ಬಂದದ್ದನ್ನು ನೇರ ಅಡಾಪ್ಟರಿಗೆ ಕಳಿಸುವಂತೆ), ಅಥವಾ ಅಡಾಪ್ಟರನ್ನು ಡಿಎಂಝಡ್‌ನಲ್ಲಿ (ರೂಟರಿನ ಕಾವಲಿಲ್ಲದೆ ಇಂಟರ್ನೆಟ್ಟಿಗೆ ತೆರೆದಂತೆ) ಇಟ್ಟಿದ್ದರೆ ತೆಗೆದುಹಾಕಿ. ಸರಿಯಾಗಿ ನೋಂದಣಿಯಾಗುವ ಅಡಾಪ್ಟರಿಗೆ ಇವೆರಡೂ ಬೇಕಿಲ್ಲ.

ಸಣ್ಣ ಆಫೀಸಿನಲ್ಲಿ ಆಸ್ಟರಿಸ್ಕ್ ಅಥವಾ ಫ್ರೀಪಿಬಿಎಕ್ಸ್‌ನಂಥ, ಕಂಪ್ಯೂಟರಿನಲ್ಲಿ ಓಡುವ ಸ್ವಂತ ಎಕ್ಸ್‌ಚೇಂಜ್ ಇದ್ದರೆ ಅಪಾಯ ನಿದ್ದೆಗೆಡುವಷ್ಟಕ್ಕೇ ಮುಗಿಯುವುದಿಲ್ಲ. ಎಕ್ಸ್‌ಟೆನ್ಷನ್ 101, ಪಾಸ್‌ವರ್ಡೂ 101 ಎಂದಿಟ್ಟರೆ ಶನಿವಾರ ರಾತ್ರಿ ಯಾರೋ ಒಳಹೊಕ್ಕು, ದುಬಾರಿ ವಿದೇಶಿ ನಂಬರುಗಳಿಗೆ ಕರೆ ಹಚ್ಚಿ, ಸೋಮವಾರ ಬೆಳಿಗ್ಗೆ ಬಿಲ್ಲು ನಿಮ್ಮ ಕೈಗೆ ಬರುತ್ತದೆ. ಅತಿಥಿ ಕರೆಗಳನ್ನು (ಪಾಸ್‌ವರ್ಡ್ ಕೇಳದೆ ಒಳಬಿಡುವ ಕರೆಗಳು) ನಿಲ್ಲಿಸಿ, ತಪ್ಪು ಪಾಸ್‌ವರ್ಡ್ ಹೊಡೆಯುತ್ತಲೇ ಇರುವವರನ್ನು ತಡೆಯುವ ಫೇಲ್2ಬ್ಯಾನ್ ಓಡಲಿ, ಬೇಡದಿದ್ದರೆ ಐಎಸ್‌ಡಿಯನ್ನು ಕಂಪನಿಯ ಕಡೆಯಿಂದಲೇ ಮುಚ್ಚಿಸಿ.

ಇನ್ನು ಕಂಪನಿಯ ದಾರಿಯಲ್ಲೇ ಬರುವ ಕರೆಗಳು: ಸಾಲ ಬೇಕಾ, ಸೈಟು ಬೇಕಾ, ಎರಡು ಗಂಟೆಯಲ್ಲಿ ನಿಮ್ಮ ನಂಬರ್ ಬಂದ್ ಆಗುತ್ತೆ 9 ಒತ್ತಿ. ಪ್ರಚಾರದ ಕರೆಗೆ 140ರ ಸರಣಿ, ಬ್ಯಾಂಕು ಮತ್ತು ಸರ್ಕಾರದ ಸೇವಾ ಕರೆಗೆ 1600ರ ಸರಣಿ ಎಂದು ನಮ್ಮಲ್ಲಿ ಗೊತ್ತುಮಾಡಿದ್ದಾರೆ. ಹಾಗಾಗಿ 140ನ್ನು ನಿಮ್ಮದೇ ಎಕ್ಸ್‌ಚೇಂಜ್ (ಆಸ್ಟರಿಸ್ಕ್ ಥರದ್ದು) ಇದ್ದರೆ ಅದರಲ್ಲೇ ತಡೆಯಬಹುದು. ಇಲ್ಲಿ ಹೆಚ್ಚಿನವರು ಎಡವುತ್ತಾರೆ. ‘140ರಿಂದ ಶುರುವಾಗುವ ಎಲ್ಲವೂ’ ಎಂದು ಬರೆದರೆ, ಅಮೆರಿಕದ ಸ್ಯಾನ್ ಹೋಸೆಯಲ್ಲಿರುವ ಮಗಳ ಕರೆಯೂ ಬೀಳುತ್ತದೆ! ಅಲ್ಲಿಯ ಏರಿಯಾ ಕೋಡ್ 408, ದೇಶದ ಕೋಡ್ 1. ಪ್ಲಸ್ ಚಿಹ್ನೆ ಇಲ್ಲದೆ ಬಂದರೆ 1408 ಎಂದೇ ಕಾಣುತ್ತದೆ. ನಮ್ಮ 140ರ ನಂಬರಿನಲ್ಲಿ ಒಟ್ಟು 10 ಅಂಕಿ, ಅಮೆರಿಕದ್ದರಲ್ಲಿ 11. ಆದ್ದರಿಂದ 140ರ ಮುಂದೆ ಸರಿಯಾಗಿ 7 ಅಂಕಿ ಇದ್ದರೆ ಮಾತ್ರ ತಡೆಯಬೇಕು ಎಂದು ನಿಯಮ ಬರೆಯಿರಿ. ಬರೆಯುವ ಮೊದಲು ಕರೆಗಳ ಲಾಗ್ ತೆರೆದು ನಂಬರು ಯಾವ ರೂಪದಲ್ಲಿ ಬರುತ್ತಿದೆ ನೋಡಿ. ಒಂದೇ ನಂಬರನ್ನು ಒಬ್ಬರು 0 ಹಚ್ಚಿ, ಇನ್ನೊಬ್ಬರು 91 ಹಚ್ಚಿ, ಮತ್ತೊಬ್ಬರು ಬರೀ 10 ಅಂಕಿಯಲ್ಲಿ ಕಳಿಸುತ್ತಾರೆ. ಬ್ಲಾಕ್ ಮಾಡಿದ್ದರೂ ಬರ್ತಾನೇ ಇದೆ ಅನ್ನುವ ದೂರಿಗೆ ಬಹಳ ಸಲ ಇದೇ ಕಾರಣ.

ಮಾಮೂಲಿ ಮೊಬೈಲ್ ನಂಬರಿಂದ ಬರುವ ಮೋಸಕ್ಕೆ ಪಟ್ಟಿ ಸಾಲದು. ಅದಕ್ಕೆ ಬಾಗಿಲಲ್ಲೇ ಒಂದು ಪ್ರಶ್ನೆ ಇಡುವುದು ಒಳ್ಳೆಯದು. ‘ನಮಸ್ಕಾರ, ಮನೆಯವರ ಜೊತೆ ಮಾತಾಡಲು 5 ಒತ್ತಿ’ ಎಂದು ನಿಮ್ಮದೇ ದನಿಯಲ್ಲಿ ರೆಕಾರ್ಡ್ ಮಾಡಿ, ಐದು ಸೆಕೆಂಡ್ ಕಾದು, ಒತ್ತದಿದ್ದರೆ ಕರೆ ಕಡಿಯುವಂತೆ ಎಕ್ಸ್‌ಚೇಂಜಿನಲ್ಲಿ ಹಾಕಿ. ಮೊದಲೇ ರೆಕಾರ್ಡ್ ಮಾಡಿದ ಮಾತನ್ನು ಸುರಿಯುವ ಯಂತ್ರಗಳು ಸಾಮಾನ್ಯವಾಗಿ ಇದನ್ನು ದಾಟುವುದಿಲ್ಲ. ಬಂಧುಗಳ, ಡಾಕ್ಟರ ನಂಬರಿಗೆ ಈ ಬಾಗಿಲು ಇಲ್ಲದೆ ನೇರ ದಾರಿ ಕೊಡಿ. ಶಾಲೆಯಿಂದ ಬರುವ ರೆಕಾರ್ಡಿಂಗ್, ಕರೆಯಲ್ಲೇ ಹೇಳುವ ಓಟಿಪಿ ಇವೂ ಯಂತ್ರದವೇ ಆದ್ದರಿಂದ ನಿಂತುಹೋಗುತ್ತವೆ; ಅವು ಬೇಕಿದ್ದವರು ಆ ನಂಬರುಗಳನ್ನೂ ಸೇರಿಸಿಕೊಳ್ಳಬೇಕು.

ಮನುಷ್ಯರೇ ಮಾಡುವ ಮೋಸ ಇದನ್ನೂ ದಾಟಿ ಬರುತ್ತದೆ. ಮನೆಯ ಹಿರಿಯರಿಗೆ ಒಂದು ಗುರುತು ಹೇಳಿಕೊಡಿ: ಲ್ಯಾಂಡ್‌ಲೈನಿಗೆ ಬಂದವನು ‘ನಿಮ್ಮ ವಾಟ್ಸಾಪ್ ನಂಬರ್ ಕೊಡಿ, ವಿಡಿಯೋದಲ್ಲಿ ಅಧಿಕಾರಿ ಮಾತಾಡ್ತಾರೆ’ ಅಂದ ಕ್ಷಣ ಇಟ್ಟುಬಿಡಬೇಕು. ‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲ. ಪರದೆಯಲ್ಲಿ 1600 ಕಂಡರೂ ಓಟಿಪಿ ಹೇಳಬಾರದು.

ಬರೀ ಪ್ರಚಾರದ ಕಾಟವಾದರೆ ಅದೇ ಲೈನಿಂದ 1909ಕ್ಕೆ ಕರೆ ಮಾಡಿ, 7 ದಿನದೊಳಗೆ ದೂರು ಕೊಡಿ. 2025ರ ತಿದ್ದುಪಡಿಗೆ ಮುಂಚೆ ಇದು 3 ದಿನವಿತ್ತು. ಮೋಸದ ಪ್ರಯತ್ನವಾದರೆ ಸರ್ಕಾರದ ಸಂಚಾರ್ ಸಾಥಿ ತಾಣದ ಚಕ್ಷು ವಿಭಾಗ, ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲೇ ತಡೆಯಬೇಕಾಗಿರುತ್ತದೆ. ಕರೆ ಬಂದ ದಿನಾಂಕ, ಸಮಯ, ನಂಬರು ಮೂರನ್ನೂ ದೂರಿನಲ್ಲಿ ಕೇಳುತ್ತಾರೆ. ಅಡಾಪ್ಟರಿನ ಲಾಗ್ ರೀಸ್ಟಾರ್ಟ್ ಆದರೆ ಅಳಿಸಿಹೋಗಬಹುದು, ಕರೆ ಬಂದ ಕೂಡಲೇ ಫೋಟೋ ತೆಗೆದಿಟ್ಟುಕೊಳ್ಳಿ.