‘ಯಾವ ಕೋರ್ಸ್ ಮಾಡ್ಸಿದ್ರೆ ಐಟೀಲಿ ಕೆಲಸ ಗ್ಯಾರಂಟಿ?’

ಮದುವೆ ಮನೆಯ ಪಂಕ್ತಿ ಇರಲಿ, ಕೋಲಾರ ಬಸ್ ಸ್ಟ್ಯಾಂಡ್ ಇರಲಿ, ಬಂಗಾರಪೇಟೆಯಿಂದ ವೈಟ್‌ಫೀಲ್ಡ್ ಕಡೆ ಹೋಗುವ ಬೆಳಗಿನ ರೈಲಿರಲಿ, ಪ್ರಶ್ನೆ ಮಾತ್ರ ಇದೊಂದೇ. “ನಮ್ ಹುಡುಗಂದು ಬಿಇ ಮುಗೀತಪ್ಪಾ. ಯಾವ ಕೋರ್ಸ್ ಮಾಡ್ಸಿದ್ರೆ ಐಟೀಲಿ ಕೆಲಸ ಗ್ಯಾರಂಟಿ?” ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ವಾಟ್ಸಾಪ್ ಮಾಡಿಬಿಡುತ್ತೇನೆ.

ಮೊದಲು ಆ ‘ಮಾಡ್ಸಿದ್ರೆ’. ಕಿವಿ ಚುಚ್ಚಿಸಿದ ಹಾಗೆ, ಲಸಿಕೆ ಹಾಕಿಸಿದ ಹಾಗೆ, ಕೋರ್ಸನ್ನೂ ಮಾಡಿಸುವುದು. ಹುಡುಗನಿಗೆ 22 ವರ್ಷ. ಪಕ್ಕದಲ್ಲೇ ಮೊಬೈಲ್ ತಿಕ್ಕುತ್ತಾ ನಿಂತಿರುತ್ತಾನೆ, ತನಗೆ ಸಂಬಂಧವೇ ಇಲ್ಲವೇನೋ ಅನ್ನುವ ಹಾಗೆ. ಇಂಟರ್‌ವ್ಯೂನಲ್ಲೂ ನೀವೇ ಕೂರುತ್ತೀರಾ ಅಂತ ಕೇಳೋಣ ಅನ್ನಿಸುತ್ತೆ. ಹಿರಿಯರು, ಸುಮ್ಮನಾಗುತ್ತೇನೆ.

ಕೋರ್ಸಿನ ಹೆಸರನ್ನು ಒಳಗೆ ಕೂತವರು ಓದುವುದೂ ಇಲ್ಲ. ರೆಸ್ಯೂಮೆಯಲ್ಲಿ ನೀನೇ ಬರೆದದ್ದನ್ನು ಹಿಡಿದು ಕೆದಕುತ್ತಾರೆ. ಹೆಚ್ಚಿನವರ ಪ್ರಾಜೆಕ್ಟ್ ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಂ. ಸೀನಿಯರ್‌ನಿಂದ ಸೀನಿಯರ್‌ಗೆ ಬಳುವಳಿಯಾಗಿ ಬಂದದ್ದು. ಅದಕ್ಕೆ ಒಂದು ಸಣ್ಣ ಪ್ರಶ್ನೆ ಸಾಕು: “ಡೇಟಾಬೇಸ್ ಟೇಬಲ್‌ನಲ್ಲಿ ಮೊಬೈಲ್ ನಂಬರನ್ನು ಯಾವ ಟೈಪಲ್ಲಿ ಇಟ್ಟಿದ್ದೀಯ?”

“ಇಂಟ್, ಸರ್.”

ಮುಗೀತು. ಇಂಟ್ ಅಂದರೆ ಪೂರ್ಣಾಂಕ ಇಡುವ ಟೈಪು; 32 ಬಿಟ್ ಇಂಟ್‌ನಲ್ಲಿ ಕೂರುವ ದೊಡ್ಡ ಸಂಖ್ಯೆ 2147483647. ನಮ್ಮ ಮೊಬೈಲ್ ನಂಬರುಗಳು ಹತ್ತು ಅಂಕಿ, ಶುರುವಾಗುವುದು 6ರಿಂದ 9ರೊಳಗೆ. ಒಂದೂ ಅದರಲ್ಲಿ ಹಿಡಿಯುವುದಿಲ್ಲ. ತಪ್ಪು ಡೇಟಾ ತಡೆಯುವ ಸ್ಟ್ರಿಕ್ಟ್ ಮೋಡ್ ಇಲ್ಲದ ಹಳೇ ಮೈಎಸ್‌ಕ್ಯುಎಲ್ ಡೇಟಾಬೇಸ್ ಆದರೆ ಇನ್ನೂ ಮಜಾ: ಎರರ್ ಕೊಡದೆ, ಊರಿಗೆಲ್ಲ 2147483647 ಅನ್ನೋ ಒಂದೇ ನಂಬರ್ ಹಾಕಿ ಕೂರಿಸುತ್ತೆ. ಅಂದರೆ ಈ ಪ್ರಾಜೆಕ್ಟಿಗೆ ಒಬ್ಬ ಮನುಷ್ಯನ ನಂಬರನ್ನೂ ಹಾಕಿ ನೋಡಿಲ್ಲ ಅಂತಾಯಿತು. “ಬಿಗ್‌ಇಂಟ್ ಮಾಡ್ತೀನಿ ಸರ್” ಅಂತ, ಇನ್ನೂ ದೊಡ್ಡ ಪೂರ್ಣಾಂಕ ಹಿಡಿಯುವ ಟೈಪಿಗೆ, ಜಾಣ ತಿದ್ದಿಕೊಳ್ಳುತ್ತಾನೆ. ಕೋಲಾರದ ಲ್ಯಾಂಡ್‌ಲೈನ್ ಹಾಕು ನೋಡೋಣ: 08152ರ ಸೊನ್ನೆ ಹಾರಿಹೋಗುತ್ತೆ. ಕೂಡಿಸಿ ಕಳೆಯದ ನಂಬರನ್ನು ಅಕ್ಷರದ ಹಾಗೆ, ವಾರ್‌ಚಾರ್ ಅನ್ನುವ ಅಕ್ಷರಗಳ ಟೈಪಲ್ಲಿ ಇಡಬೇಕು.

ಲೈಬ್ರರಿ ಬಿಟ್ಟು ಟೊಮೆಟೊ ಮಂಡಿ ಲೆಕ್ಕ ಮಾಡಿ ಅಂತ ನಮ್ಮ ಕಡೆಯವರಿಗೆ ಹೇಳುತ್ತೇನೆ. ಎಪಿಎಂಸಿ ಪಕ್ಕದಲ್ಲೇ ಇದೆ. ರೈತ, ಲಾಟು, ಬಾಕ್ಸು, ಹರಾಜಿನ ರೇಟು, ಬಿಲ್ಲು. ಕೂತು ಮಾಡಿದರೆ ಪೆಟ್ಟುಗಳು ತಾವಾಗೇ ಬೀಳುತ್ತವೆ. ದುಡ್ಡನ್ನು ಫ್ಲೋಟ್ ಅನ್ನುವ ಅಂದಾಜು ದಶಮಾಂಶದ ಟೈಪಲ್ಲಿಟ್ಟರೆ 0.1ಕ್ಕೆ 0.2 ಕೂಡಿಸಿ 0.30000000000000004 ಬರುತ್ತೆ; ಕರಾರುವಾಕ್ಕಾದ ಡೆಸಿಮಲ್ ಟೈಪ್ ಬೇಕು, ಇಲ್ಲವೇ ಪೈಸೆ ಲೆಕ್ಕದಲ್ಲಿ ಪೂರ್ಣಾಂಕ. ಇವತ್ತು ಮಾಲು ತರದ ರೈತನೂ ಪಟ್ಟಿಯಲ್ಲಿ ಬರಬೇಕು ಅಂದರೆ ಎರಡೂ ಟೇಬಲ್‌ನಲ್ಲಿ ಇರುವವರನ್ನಷ್ಟೇ ಸೇರಿಸುವ ಇನ್ನರ್ ಜಾಯಿನ್ ಅವನನ್ನು ನುಂಗಿಬಿಡುತ್ತೆ, ಮೊದಲ ಟೇಬಲ್‌ನವರನ್ನೆಲ್ಲ ಉಳಿಸುವ ಲೆಫ್ಟ್ ಜಾಯಿನ್ ಹಾಕಬೇಕು. ರೇಟನ್ನು ಬಿಲ್ಲಿನಲ್ಲೇ ಬರೆದಿಡದಿದ್ದರೆ, ನಾಳೆ ರೇಟ್ ಬದಲಾದಾಗ ನಿನ್ನೆಯ ಬಿಲ್ಲೂ ಬದಲಾಗುತ್ತೆ. ಈ ಮೂರನ್ನು ಅನುಭವಿಸಿ ಬಂದವನ ಮಾತಿನ ವರಸೆಯೇ ಬೇರೆ.

ನಿಜ ಹೇಳಬೇಕೆಂದರೆ, ಕೋರ್ಸ್ ಯಾವುದು ಅನ್ನುವ ಬದಲು “ಏನಾದ್ರೂ ಕೆಟ್ಟಾಗ ಎಲ್ಲಿಂದ ಹುಡುಕೋಕೆ ಶುರು ಮಾಡ್ಬೇಕು?” ಅಂತ ಯಾರಾದರೂ ಕೇಳಲಿ ಅಂತ ಕಾಯುತ್ತಿದ್ದೇನೆ. ಕಂಪನಿಗಳು ಸುತ್ತಿ ಬಳಸಿ ಪರೀಕ್ಷಿಸುವುದು ಅದನ್ನೇ. ಸೈಟ್ ತೆರೆಯುತ್ತಿಲ್ಲ, ಏನು ಮಾಡುತ್ತೀಯ? “ರೀಸ್ಟಾರ್ಟ್ ಸರ್” ಅಂದವನ ಹೆಸರಿನ ಮುಂದೆ ಅಡ್ಡಗೆರೆ. ರೀಸ್ಟಾರ್ಟ್ ಮಾಡಿದರೆ ಕಾರಣದ ಕುರುಹೂ ಹೋಗುತ್ತೆ, ರಾತ್ರಿ ಎರಡಕ್ಕೆ ಮತ್ತೆ ಬೀಳುತ್ತೆ.

ನಿಮಗೊಬ್ಬರಿಗೋ ಎಲ್ಲರಿಗೋ ಅಂತ ಮೊದಲು ಕೇಳಬೇಕು. ಆಮೇಲೆ ಎನ್‌ಎಸ್‌ಲುಕಪ್ ಕಮಾಂಡ್ ಹಾಕಿ ಸೈಟಿನ ಹೆಸರಿಗೆ ಐಪಿ ವಿಳಾಸ ಸಿಗುತ್ತಿದೆಯಾ ನೋಡಬೇಕು. ಪಿಂಗ್‌ಗೆ, ಅಂದರೆ ‘ಇದ್ದೀಯಾ’ ಅಂತ ಸರ್ವರನ್ನು ಕೂಗಿದ್ದಕ್ಕೆ, ಉತ್ತರ ಬರದಿದ್ದರೆ ಸರ್ವರ್ ಸತ್ತಿದೆ ಅಂತಲ್ಲ, ಎಷ್ಟೋ ಕಡೆ ಪಿಂಗ್ ತಡೆದಿರುತ್ತಾರೆ. ಸುರಕ್ಷಿತ ಸೈಟುಗಳ ಬಾಗಿಲಾದ 443ನೇ ಪೋರ್ಟ್ ತೆರೆದಿದೆಯಾ ಅನ್ನುವುದು ಮುಖ್ಯ. ಸೈಟಿನ ಭದ್ರತಾ ಸರ್ಟಿಫಿಕೇಟಿನ ಅವಧಿ ಮುಗಿದಿರಬಹುದು. 502 ಎರರ್ ಬಂದರೆ ಎದುರಿಗಿರುವ ಸರ್ವರ್ ಬದುಕಿದೆ, ಅದರ ಹಿಂದಿನದು ಸರಿಯಾಗಿ ಉತ್ತರ ಕೊಡುತ್ತಿಲ್ಲ. ಹೋಗಿ ಅದರ ಲಾಗ್, ಅಂದರೆ ನಡೆದದ್ದರ ದಾಖಲೆ, ನೋಡು. ಡಿಸ್ಕ್ ತುಂಬಿರಬಹುದು. ಡಿಸ್ಕ್ ಎಷ್ಟು ತುಂಬಿದೆ ಅಂತ ಹೇಳುವ ಡಿಎಫ್ ಕಮಾಂಡ್ 100% ತೋರಿಸಿ, ಫೈಲುಗಳ ಗಾತ್ರ ಕೂಡಿಸುವ ಡಿಯು ಅರ್ಧವನ್ನೂ ತೋರಿಸದಿದ್ದರೆ, ಯಾರೋ ಪುಣ್ಯಾತ್ಮ ದೊಡ್ಡ ಲಾಗ್ ಫೈಲ್ ಅಳಿಸಿದ್ದಾನೆ, ಪ್ರೋಗ್ರಾಂ ಅದನ್ನಿನ್ನೂ ಹಿಡಿದುಕೊಂಡೇ ಇದೆ ಅಂತ ಅನುಮಾನ ಬರಬೇಕು. ತೆರೆದಿರುವ ಫೈಲುಗಳ ಪಟ್ಟಿ ಕೊಡುವ ಎಲ್‌ಎಸ್‌ಒಎಫ್ ಹಾಕಿದರೆ ಆ ಫೈಲಿನ ಪಕ್ಕದಲ್ಲಿ ‘ಡಿಲೀಟೆಡ್’ ಅಂತ ಕಾಣುತ್ತೆ. ಆ ಪ್ರೋಗ್ರಾಂ ಬಿಡುವ ತನಕ ಜಾಗ ವಾಪಸ್ ಬರಲ್ಲ. ಇಲ್ಲಿ ರೀಸ್ಟಾರ್ಟ್ ಸರಿ, ಯಾಕೆ ಅಂತ ಗೊತ್ತಿದ್ದು ಮಾಡುವುದರಿಂದ.

ಇಂಗ್ಲಿಷ್? ತೆಲುಗು ಬೆರೆತ ಇಂಗ್ಲಿಷ್ ಆದರೂ ನಡೆಯುತ್ತೆ. ತೊಂದರೆಯನ್ನು ಬರೆಯಲು ಮಾತ್ರ ಬರಬೇಕು: ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು, ಎರರ್ ಇದ್ದದ್ದು ಇದ್ದ ಹಾಗೆ. ನಾಲ್ಕು ಸಾಲು. ಎಐ ಇದೆಯಲ್ಲ ಅನ್ನುವವರಿಗೆ: ಡೇಟಾಬೇಸಿಗೆ ಕೇಳುವ ಕ್ವೆರಿಯನ್ನು ಅದು ಬರೆದುಕೊಡುತ್ತೆ ನಿಜ, ಅದರಲ್ಲಿ ಆ ಮಾಲು ತರದ ರೈತ ಕಾಣೆಯಾಗಿದ್ದಾನೆ ಅಂತ ಹಿಡಿಯುವವನು ಬೇಕು.

ಕೊನೆಯದು, ದನಿ ತಗ್ಗಿಸಿ ಕೇಳುವಂಥದ್ದು: “ದುಡ್ಡು ಕೊಟ್ರೆ ಎರಡು ವರ್ಷ ಅನುಭವ ಹಾಕಿಸ್ಕೊಡ್ತಾರಂತಲ್ಲ?” ಕೆಲಸ ಬದಲಿಸಿದರೂ ಬದಲಾಗದ ಪಿಎಫ್‌ನ ಯುಎಎನ್ ನಂಬರಿನಡಿ ಯಾವ ಕಂಪನಿಗೆ ಯಾವಾಗ ಸೇರಿದ, ಯಾವಾಗ ಬಿಟ್ಟ ಎಲ್ಲ ಇರುತ್ತೆ. ವೆರಿಫಿಕೇಶನ್‌ನವರು ಅದನ್ನು ಕೇಳಿ ಪಡೆಯುತ್ತಾರೆ. ಸೇರಿ ಮೂರು ತಿಂಗಳಾದ ಮೇಲೂ ಕಿತ್ತು ಕಳಿಸುತ್ತಾರೆ, ಕೊಟ್ಟ ದುಡ್ಡು ವಾಪಸ್ ಬರಲ್ಲ.

ಇಷ್ಟಾದ ಮೇಲೂ ಕೇಳಲೇಬೇಕಿದ್ದರೆ ಹುಡುಗನೇ ಬಂದು ಕೇಳಲಿ. ಲ್ಯಾಪ್‌ಟಾಪ್ ತರಲಿ, ಸರ್ಟಿಫಿಕೇಟ್ ಫೈಲು ಬೇಡ.